ರತ್ನಕ್ಕನ ಮೂಲೆಯ ಟ್ಯೂಬ್‌ಲೈಟ್

ರತ್ನಕ್ಕ, ನಿಮ್ಮ ಕಣ್ಣು ಕೆಟ್ಟಿರಲಿಲ್ಲ. ನಿಮ್ಮ ನೆತ್ತಿಯ ಮೇಲಿದ್ದ ಟ್ಯೂಬ್‌ಲೈಟನ್ನು ತೆಗೆಸಿದವನು ನಾನು. ಅಲ್ಲಿ ಬೆಳಕು ಸಾಕಷ್ಟಿದೆ ಎಂದು ಸುಳ್ಳು ಬರೆದವನೂ ನಾನೇ. ಇಷ್ಟು ಹೇಳಲು ಏಳು ವರ್ಷ ಬೇಕಾಯಿತು. ಹೇಳಿಬಿಡಬೇಕೆಂದೇ ನಿಮ್ಮೂರು ಪಟ್ಟನಾಯಕನಹಳ್ಳಿಗೆ ಎರಡು ಸಲ ಬಂದೆ — ಎರಡು ಸಲವೂ ನೀವು ಬಡಿಸಿದ ಮುದ್ದೆ ಉಂಡು, ಬಾಯಿ ಒರೆಸಿಕೊಂಡು, ವಾಪಸು ಬಸ್ಸು ಹತ್ತಿದೆ.

ಕೊರಟಗೆರೆಯಿಂದ ನಾನು ಹೊಸ ಗುಮಾಸ್ತನಾಗಿ ಮಧುಗಿರಿಯ ಆ ಹಳೆಯ ಕಲ್ಲುಕಟ್ಟಡದ ಕಚೇರಿಗೆ ಬಂದಾಗ, ನೀವು ರೆಕಾರ್ಡ್ ರೂಮಿನ ಮೂಲೆಯಲ್ಲಿ ಇಪ್ಪತ್ತು ವರ್ಷ ಸವೆಸಿಯಾಗಿತ್ತು. ಕೈಬರಹದ ಹಳೆಯ ಜಮೀನು ದಾಖಲೆಗಳನ್ನು ಓದಿ ನಕಲು ಮಾಡಿಕೊಡುವ ಕೆಲಸ. ಮುತ್ತು ಪೋಣಿಸಿದಂಥ ಅಕ್ಷರ ನಿಮ್ಮದು. ಸನ್ಮಾನಪತ್ರವೆಂದರೆ ಇಡೀ ಕಚೇರಿ ನಿಮ್ಮ ಮೇಜಿಗೇ ಓಡಿ ಬರುತ್ತಿತ್ತು. ನನ್ನ ಬರಹ ಕಂಡರೆ, “ಲೇ ರಂಗ, ಇದೇನ್ಲಾ, ಕೋಳಿ ಕೆದ್ರಿದಂಗೈತೆ!” ಎಂದು ನಗುತ್ತಿದ್ದಿರಿ. ನಗುತ್ತಲೇ ನಿಮ್ಮ ಡಬ್ಬಿಯ ಅರ್ಧ ಊಟವನ್ನು ನನ್ನ ತಟ್ಟೆಗೆ ಸುರಿಯುತ್ತಿದ್ದಿರಿ. ಬೇಡ ಎಂದರೆ ಬೈಗುಳ.

ಆಗ ಬಂದದ್ದು ಸರ್ಕಾರಿ ಕಟ್ಟಡಗಳಲ್ಲಿ ಕರೆಂಟು ಉಳಿಸಬೇಕೆಂಬ ಸುತ್ತೋಲೆ. ಹಳೆಯ ಟ್ಯೂಬ್‌ಲೈಟುಗಳ ಜಾಗಕ್ಕೆ ಎಲ್‌ಇಡಿ ಹಾಕಬೇಕು, ಬೇಡದ ದೀಪ ತೆಗೆಯಬೇಕು, ಆಮೇಲೆ ಪ್ರತಿ ಮೇಜಿನ ಮೇಲೂ ಮೀಟರ್ ಇಟ್ಟು ಬೆಳಕು ಅಳೆದು ನಮೂನೆ ತುಂಬಬೇಕು. ಡಿಪ್ಲೊಮಾ ಓದಿದ ಹುಡುಗನೆಂದು ಎಲ್ಲವೂ ನನ್ನ ಹೆಗಲಿಗೆ ಬಿತ್ತು. ಕೆಲಸವೇನೋ ಒಳ್ಳೆಯದೇ, ಅಕ್ಕ. ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಕೆಟ್ಟದ್ದು ಕೆಲಸವಲ್ಲ —

ಬಂದ ಎಲ್‌ಇಡಿಗಳಲ್ಲಿ ಒಂದು ಕಡಿಮೆ ಬಿತ್ತು. ಹಳೆಯ ಟ್ಯೂಬ್‌ಲೈಟು ಒಂದನ್ನೂ ಉಳಿಸುವಂತಿರಲಿಲ್ಲ. ಯಾರ ಮೇಜಿಗೆ ಇಲ್ಲ ಅನ್ನುವುದು? ಸಾಹೇಬರಿಗೆ ಅನ್ನಲಾಗದು. ನನ್ನ ಮೇಜು ಕಿಟಕಿಯ ಪಕ್ಕದಲ್ಲೇ ಇತ್ತು, ನನಗೆ ದೀಪವೇ ಬೇಕಿರಲಿಲ್ಲ. ಆದರೂ ನನ್ನದನ್ನು ಇಟ್ಟುಕೊಂಡೆ. ನೀವು ಜಗಳ ಆಡುವವರಲ್ಲ ಎಂದು ಗೊತ್ತಿತ್ತು, ಅದಕ್ಕೇ ನಿಮ್ಮದು ಹೋಯಿತು. ಏಣಿ ಹಿಡಿದು ನಿಂತ ನನ್ನನ್ನು ನೋಡಿ ನೀವು ಅಂದದ್ದಿಷ್ಟೇ: “ಅಲ್ಕಣ್ಲಾ, ಅತ್ಲಾಗೆ ವಳ್ಳೂರ್ ಕಡೆ ಎಕ್ರೆಗಟ್ಲೆ ಸೋಲಾರ್ ಹಾಕಿ ಬಿಸ್ಲಾಗೇ ಕರೆಂಟ್ ಬೆಳೀತಾವ್ರೆ, ನೀನು ನನ್ನೊಂದು ಲೈಟ್ ಕಿತ್ಕಂಡು ದೇಸ ಉಳಿಸ್ತೀಯಾ? ಉಳ್ಸು, ಉಳ್ಸು.”

ಮೀಟರನ್ನು ನಿಮ್ಮ ಮೂಲೆಗೆ ತರಲೇ ಇಲ್ಲ. ತಂದಿದ್ದರೆ ಅಂಕಿ ಕಡಿಮೆ ಬರುತ್ತಿತ್ತು, ನಮೂನೆ ವಾಪಸು ಬರುತ್ತಿತ್ತು. ನನ್ನ ಕಿಟಕಿಯ ಬೆಳಕನ್ನು ಅಳೆದು, ಆ ಅಂಕಿಯನ್ನೇ ನಿಮ್ಮ ಹೆಸರಿನ ಮುಂದೆ ಬರೆದೆ. ನೀವು ರಜೆ ಹಾಕಿದ ದಿನ ಅಳೆದೆನೆಂದು ನಿಮಗೂ ಹೇಳಿದೆ. ಇನ್ನೊಂದು ದೀಪ ಬಂದಾಗ ಹಾಕಿಸಿದರಾಯಿತು ಅಂದುಕೊಂಡೆ — ಆಮೇಲೆ ಮರೆತೆ. ಇಲ್ಲ, ಇದೂ ಸುಳ್ಳು. ಮರೆತಿರಲಿಲ್ಲ.

ಕರೆಂಟು ಉಳಿಸಿದ ಕಚೇರಿ ಎಂದು ನಮಗೆ ಹೆಸರು ಬಂತು. ನನಗೊಂದು ಪ್ರಶಂಸಾಪತ್ರ, ಒಂದು ಶಾಲು. ಪತ್ರದ ಮೇಲೆ ನನ್ನ ಹೆಸರು ಬರೆದವರು ನೀವು, ಆ ಮೂಲೆಯಲ್ಲೇ ಕೂತು. ರಂಗಸ್ವಾಮಿ ಎಂಬ ಹೆಸರಿನ ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತ್ತು. ನಿಮ್ಮ ಕೈಯಲ್ಲಿ ಅಕ್ಷರ ಜಾರಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕಂಡೂ ಗೋಡೆಗೆ ತೂಗುಹಾಕಿಕೊಂಡೆ.

ಮೂರು ತಿಂಗಳಲ್ಲಿ ನೀವು ಬರೆದ ನಕಲಿನಲ್ಲಿ ಒಂದು ಸರ್ವೆ ನಂಬರು ತಪ್ಪಿ, ಯಾರದೋ ಹೊಲ ಯಾರದೋ ಹೆಸರಿಗೆ ಕಾಣಿಸಿತು. ನಿಮಗೆ ನೋಟಿಸು ಬಂತು. ಸಾಹೇಬರು ನನ್ನನ್ನೂ ಕರೆಸಿದರು: “ಅವರ ಟೇಬಲ್ ಹತ್ರ ಬೆಳಕು ಸರಿಯಾಗಿದೆಯೇನ್ರೀ?” ನೀವು ಪಕ್ಕದಲ್ಲೇ ನಿಂತಿದ್ದಿರಿ.

“ಇದೆ ಸಾರ್. ಅಳೆದಿದೀನಿ.”

ನೀವು ನನ್ನತ್ತ ನೋಡಲೂ ಇಲ್ಲ. “ಆ ಹುಡ್ಗ ಸುಳ್ಳೇಳಾಕಿಲ್ಲ ಬುಡಿ ಸಾರ್. ನನ್ ಕಣ್ಣೇ ಮಂಜಾಗವೆ,” ಅಂದಿರಿ. ಅಕ್ಕ, ನೀವು ನನ್ನನ್ನು ಬೈದಿದ್ದರೆ ಬದುಕುತ್ತಿದ್ದೆ.

ನಿಮ್ಮನ್ನು ಟಪಾಲು ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೂ ಬೇರೆಯವರು ಬರೆದ ಕಾಗದಗಳಿಗೆ ಮುದ್ರೆ ಒತ್ತಿದಿರಿ. ತುಮಕೂರಿನ ಕಣ್ಣಿನ ಡಾಕ್ಟರು ಏನೂ ಇಲ್ಲವೆಂದರೂ ನೀವು ನಂಬಲಿಲ್ಲ. ನಂಬಿದ್ದು ನನ್ನ ಮೀಟರನ್ನು. ಡಬ್ಬಿಯ ಅರ್ಧ ಮಾತ್ರ ತಪ್ಪದೆ ನನ್ನ ತಟ್ಟೆಗೆ ಬರುತ್ತಲೇ ಇತ್ತು.

ಕಳೆದ ತಿಂಗಳು ಆ ಕಟ್ಟಡದ ಚಾವಣಿಗೆ ಸೋಲಾರ್ ಹಾಕಲು ಮತ್ತೆ ಲೆಕ್ಕ ಹಿಡಿಯಬೇಕಾಯಿತು, ಈಗ ನಾನಿರುವ ಶಿರಾ ಕಚೇರಿಯಿಂದ ನನ್ನನ್ನೇ ಕಳಿಸಿದರು. ಈ ಸಲ ಮೀಟರನ್ನು ನಿಮ್ಮ ಮೂಲೆಗೆ ಒಯ್ದೆ. ಇರಬೇಕಾದ ಬೆಳಕಿನಲ್ಲಿ ಅರ್ಧವೂ ಇಲ್ಲ. ಈಗ ಅಲ್ಲಿ ಕೂರುವಾಕೆ ಮನೆಯಿಂದ ಟೇಬಲ್ ಲ್ಯಾಂಪ್ ತಂದಿಟ್ಟುಕೊಂಡಿದ್ದಾಳೆ. ಆ ಉಪಾಯ ನಿಮಗೂ ಹೊಳೆಯಬಹುದಿತ್ತು — ನನ್ನನ್ನು ಅಷ್ಟು ನಂಬದೆ ಇದ್ದಿದ್ದರೆ.

ಮರುದಿನವೇ ನಿಮ್ಮ ಮನೆಗೆ ಬಂದೆ. ಜಗಲಿಯ ಬಿಸಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಿರಿ. ನನಗೆ ಕಾಣದ ಕಲ್ಲನ್ನು ಮಾತಾಡುತ್ತಲೇ ಹೆಕ್ಕಿ ಎಸೆದಿರಿ. ಮೊಮ್ಮಗಳು ಮದುವೆಯ ಕಾಗದವೊಂದನ್ನು ನಿಮಗೆ ಓದಿ ಹೇಳುತ್ತಿದ್ದಳು. “ಓದೋದು ಬರೆಯೋದು ಬುಟ್ಬುಟ್ಟೆ ಕಣ್ಲಾ. ಕಣ್ಣೋದ್ಮೇಲೆ ಇನ್ನೇನೈತೆ,” ಅಂದಿರಿ. ನಾನು ಮುದ್ದೆ ಮುರಿದೆ.

ನಮೂನೆಯಲ್ಲಿ ನಾನು ಬರೆದದ್ದು ಸುಳ್ಳು, ನಿಮ್ಮ ಸೇವಾ ಪುಸ್ತಕದಿಂದ ಆ ನೋಟಿಸನ್ನು ತೆಗೆಯಬೇಕು ಎಂದು ಮಧುಗಿರಿಯ ಕಚೇರಿಗೆ ನಿನ್ನೆ ಬರೆದುಕೊಟ್ಟಿದ್ದೇನೆ. ನನಗೇನಾಗುತ್ತದೋ ಆಗಲಿ. ಪ್ರಶಂಸಾಪತ್ರವನ್ನು ಗೋಡೆಯಿಂದ ಇಳಿಸಿದ್ದೇನೆ. ನಿಮ್ಮ ಅಕ್ಷರ ಇರುವುದರಿಂದ ಹರಿಯಲು ಮನಸ್ಸು ಬರಲಿಲ್ಲ. ಭಾನುವಾರ ತರುತ್ತೇನೆ. ಒಳಗೆ ಕರೆಯುತ್ತೀರೋ ಬಿಡುತ್ತೀರೋ ನಿಮಗೆ ಸೇರಿದ್ದು.

ಲಕೋಟೆಯ ಮೇಲೆ ‘ರತ್ನಕ್ಕನೇ ಬಿಸಿಲಲ್ಲಿ ಕೂತು ಓದಬೇಕು’ ಎಂದು ದೊಡ್ಡದಾಗಿ ಬರೆದಿದ್ದೇನೆ, ಮೊಮ್ಮಗಳಿಗೆ ಕಾಣಲೆಂದು. ಒಳಗಿನದನ್ನು ಬೇಕೆಂದೇ ಸಣ್ಣ ಅಕ್ಷರದಲ್ಲಿ ಬರೆದೆ, ಅದೂ ನನ್ನ ಕೋಳಿ ಕೆದರಿದ ಅಕ್ಷರ. ಈ ಸಾಲಿನವರೆಗೂ ನೀವೇ ಓದಿಕೊಂಡು ಬಂದಿರಲ್ಲ, ಅಕ್ಕ — ಇನ್ನು ನನ್ನ ಮಾತನ್ನು ನೀವು ನಂಬಬೇಕಾಗಿಲ್ಲ.