ಒಂದು ಟಿಕೆಟ್, ಎರಡು ಬೋಗಿ

ನಮ್ಮ ಮನೆಯಲ್ಲಿ ರೈಲಿನ ಟಿಕೆಟ್ ಯಾವಾಗಲೂ ಹಿರಿಯರ ಹತ್ತಿರವೇ ಇರಬೇಕು. ಮಾವನವರು ಎಲ್ಲರ ಟಿಕೆಟ್ಟನ್ನೂ ಒಳಜೇಬಿನಲ್ಲಿಟ್ಟುಕೊಂಡು ಗಂಡಸರ ಜೊತೆ ಕೂತರೆ, ಹೆಂಗಸರು ನಾವು ಬೇರೆ ಬೋಗಿಯಲ್ಲಿ ನಿಶ್ಚಿಂತೆಯಾಗಿ ಹರಟುತ್ತಿದ್ದೆವು. ಯಾರಾದರೂ ಕೇಳಿದರೆ "ಹಿಂದಿನ ಡಬ್ಬಿಲಿ ಯಜಮಾನ್ರು ಇದಾರೆ" ಅಂದರೆ ಮುಗಿಯಿತು. ದಟ್ ವರ್ಲ್ಡ್ ಈಸ್ ಗಾನ್.

ಈಗ ಹಿರಿಯಳು ನಾನು. ಹೋದ ವರ್ಷ ನನ್ನ ಸೊಸೆಗೆ ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಯಿಂದ ಇಂಟರ್‌ವ್ಯೂಗೆ ಕರೆ ಬಂತು. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಸೇರಬೇಕೆಂದು ಅವಳು ಎಷ್ಟೋ ಕಡೆ ಕೇಳಿ ಸೋತಿದ್ದಳು. ಹತ್ತು ಗಂಟೆಗೆ ಅಲ್ಲಿರಬೇಕು. ಆ ಊರಿನಲ್ಲೇ ಇರುವ ತಂಗಿಯನ್ನು ನೋಡಿ ಬರೋಣವೆಂದು ನಾನೂ ಹೊರಟೆ. ನಾವಿರುವ ಕೊಯಮತ್ತೂರಿನಲ್ಲಿ ಇಬ್ಬರಿಗೂ ಸೇರಿಸಿ ಒಂದೇ ಟಿಕೆಟ್ ಕೊಟ್ಟರು. ಅದನ್ನು ನನ್ನ ಪರ್ಸಿಗೆ ಹಾಕಿಕೊಂಡೆ. ನೂಕುನುಗ್ಗಲಿನಲ್ಲಿ ಸೊಸೆ ನನ್ನನ್ನು ಲೇಡೀಸ್ ಬೋಗಿಗೆ ಹತ್ತಿಸಿ ತಾನು ಪಕ್ಕದ್ದಕ್ಕೆ ಓಡಿದಳು.

ತಿರುಪ್ಪೂರಿನಲ್ಲಿ ನನ್ನ ಮೊಣಕಾಲು ಹೇಳಿದ ವೇಗದಲ್ಲಿ ಇಳಿದು ಬರುವಷ್ಟರಲ್ಲಿ, ಮೆಟ್ಟಿಲ ಬಳಿ ಮೂವರು ಟಿಕೆಟ್ ಚೆಕಿಂಗಿನವರು ಅವಳನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿದ್ದರು. ಅವಳ ಫೋನು ಒಬ್ಬನ ಕೈಯಲ್ಲಿತ್ತು.

"ಟಿಕೆಟ್ ನಿಮ್ಮತ್ರ ಇದೆ ಅಂತ ಹೇಳ್ತಾನೇ ಇದೀನಿ ಅತ್ತೆ, ಕೇಳ್ತಾನೇ ಇಲ್ಲ!"

"ಎಲ್ಲಾರುಂ ಇಪ್ಪಡಿತ್ತಾನ್ ಸೊಲ್ವಾಂಗ," ಎಲ್ಲರೂ ಹೀಗೇ ಹೇಳುವುದು, ಎಂದ ಫೋನು ಹಿಡಿದವನು. ಫೈನ್ ಕಟ್ಟು, ಇಲ್ಲವೇ ಪೊಲೀಸರ ಹತ್ತಿರ ನಡಿ ಎಂದೂ ಗದರಿದ.

ನಾನು ಟಿಕೆಟ್ ತೋರಿಸಿದೆ. ಅವನು ಅದನ್ನು ಹಿಂದುಮುಂದು ತಿರುಗಿಸಿ, ಇಬ್ಬರದ್ದು ಸರಿ, ಆದರೆ ಎರಡನೆಯವಳು ಇವಳೇ ಅನ್ನುವುದಕ್ಕೆ ಪ್ರೂಫ್ ಎಲ್ಲಿ ಎಂದ.

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿಕೊಂಡು, "ಯಂಗ್ ಮ್ಯಾನ್, ಕೈಂಡ್ಲಿ ರಿಟರ್ನ್ ಹರ್ ಫೋನ್ ಫಸ್ಟ್," ಎಂದೆ. ಅವನ ಮುಖ ಇನ್ನಷ್ಟು ಬಿಗಿಯಿತು. ಅವನ ಮೇಲಿನ ಸಿಟ್ಟನ್ನೆಲ್ಲ ನಾನು ಸೊಸೆಯ ಮೇಲೆ ತಿರುಗಿಸಿದೆ.

"ನಾನು ಇಳಿಯೋಗಂಟ ನಿಂತ್ಕೊಳಕ್ಕೆ ನಿಂಗೇನಾಗಿತ್ತು?"

"ನೀವು ಇಳಿಯೋಗಂಟ ನಿಂತಿದ್ರೆ ಮುಂದಿನ ರೈಲೇ ಬಂದ್ಬುಡ್ತಿತ್ತು! ಟಿಕೆಟ್ ನಂಗೆ ಕೊಡಿ ಅಂದ್ನಲ್ಲ, ಕೊಟ್ರಾ?"

"ನಿಂಗೆ ಕೊಟ್ಟಿದ್ರೆ ಎಲ್ಲಾದ್ರೂ ಉದುರಿಸಿರ್ತಿದ್ದೆ!"

"ಆಮಾ, ಹೌದು, ಮದುವೆ ಆದಾಗಿಂದ ನಾನು ಉದುರಿಸಿದ್ದನ್ನೇ ಹೇಳ್ತಾ ಇದೀರ!"

ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಜೋರಾಗಿ ನಕ್ಕು, ಭಾಷೆ ಅರ್ಥವಾಗದಿದ್ದರೇನು ಸಾರ್, ಅತ್ತೆ ಸೊಸೆ ಅಲ್ಲದೆ ಹೀಗೆ ಯಾರು ಕಚ್ಚಾಡುತ್ತಾರೆ, ಎಂದು ತಮಿಳಿನಲ್ಲಿ ಕೇಳಿದಳು. ಉಳಿದಿಬ್ಬರು ಚೆಕಿಂಗಿನವರಿಗೂ ನಗು ತಡೆಯಲಾಗಲಿಲ್ಲ. ಅವನು ಮುಖ ತಿರುಗಿಸಿಕೊಂಡೇ ಫೋನು ಚಾಚಿದ. "ಸರಿ, ಪೋಂಗಮ್ಮಾ."

"ಹೋಗಲ್ಲ. ಮೊದ್ಲು ಅವಳಿಗೆ ಸಾರಿ ಹೇಳಿ."

"ಅಯ್ಯೋ ಅತ್ತೆ, ಟೈಮಾಯ್ತು!"

"ನೀ ಹೋಗು. ನಾನು ಸಾರಿ ಹೇಳಿಸ್ಕೊಂಡೇ ಬರ್ತೀನಿ."

ಅವಳು ಮೆಟ್ಟಿಲು ಹತ್ತಿ ಓಡಿದಳು. ನಾನು ಅವನಿಗೆ ಎದುರಾಗಿ ಬೆಂಚಿನ ಮೇಲೆ ಕೂತೆ. ಒಂದೆರಡು ರೈಲು ಬಂದು ಹೋದವು. ಅವನು ನನ್ನನ್ನು ನೋಡಿಯೂ ನೋಡದ ಹಾಗೆ ಓಡಾಡಿದ.

ಮಧ್ಯಾಹ್ನದ ಹೊತ್ತಿಗೆ ಸೊಸೆಯ ಫೋನು ಬಂತು. "ಸೋಮವಾರದಿಂದ ಬಾ ಅಂದ್ರು ಅತ್ತೆ! ಲೇಟಾಗಿದ್ದಕ್ಕೆ ಒಂದು ಮಾತೂ ಅನ್ನಲಿಲ್ಲ." ಅವಳ ದನಿಯಲ್ಲಿ ಅಂಥ ಖುಷಿ ಕೇಳಿ ಎಷ್ಟು ಕಾಲವಾಗಿತ್ತೋ. "ನೀವು ಊಟ ಮಾಡಿದ್ರಾ? ಚಿಕ್ಕತ್ತೆ ಏನು ಮಾಡಿದಾರೆ?"

"ನಾನಿನ್ನೂ ಸ್ಟೇಷನ್ನಲ್ಲೇ ಇದೀನಿ."

"ಇನ್ನೂನಾ? ಯಾಕೆ?"

"ಅವನು ಟೀ ಕುಡಿಯಕ್ಕೆ ಹೋಗಿದಾನೆ. ಬರಲಿ."