ಬಿಚ್ಚಿದ್ದನ್ನು ಹಿಂತಿರುಗಿಸುವ ಕಷ್ಟ

ಬಂದೂಕು ಹಾರಿಸದವನಿಗೆ ಬಂದೂಕಿನ ಬಗ್ಗೆ ಇರುವಷ್ಟು ಅಭಿಪ್ರಾಯಗಳು ಹಾರಿಸುವವನಿಗೆ ಇರುವುದಿಲ್ಲ. ನಾನು ಈವರೆಗೆ ಒಂದೂ ಗುಂಡು ಹಾರಿಸಿಲ್ಲ. ಆದರೆ ತೋಟಾದ ಬುಡಕ್ಕೆ ಅಂಚು ಇರಬೇಕೋ ಬೇಡವೋ ಎಂಬುದರ ಮೇಲೆ ಅರ್ಧ ಗಂಟೆ ಮಾತಾಡಬಲ್ಲೆ. ಮಾತಾಡಿಯೂ ಇದ್ದೇನೆ. ಕೇಳಿದವರು ಆಮೇಲೆ ನನ್ನನ್ನು ಊಟಕ್ಕೆ ಕರೆಯುವುದನ್ನು ಕಡಿಮೆ ಮಾಡಿದರು.

ಈ ಪಾಂಡಿತ್ಯ ಒದಗಿದ್ದು ಹ್ಯೂಸ್ಟನ್ನಿನ ಪಕ್ಕದ ಮಿಸೌರಿ ಸಿಟಿಯಲ್ಲಿ, ವಾಸಣ್ಣನ ಗ್ಯಾರೇಜಿನಲ್ಲಿ. ವಾಸಣ್ಣ ಹುಬ್ಬಳ್ಳಿಯವರು. ಅಲ್ಲಿ ಲೇಥ್ ಮೇಲೆ ಕೈ ಪಳಗಿಸಿಕೊಂಡು ಬಂದು, ಇಲ್ಲಿ ಎಣ್ಣೆಬಾವಿಯ ಕೊಳವೆಗಳಿಗೆ ಥ್ರೆಡ್ ಹಾಕುವ ಕೆಲಸದಲ್ಲಿದ್ದರು. ಏಕಾದಶಿ ಮಾಡುವ ಮನುಷ್ಯ. ಜಿರಲೆಯನ್ನು ಕೂಡ ಪೊರಕೆಯಲ್ಲಿ ಮೆಲ್ಲಗೆ ತಳ್ಳಿ, ಹೊರಗೆ ಕಳಿಸಿ, ಬಾಗಿಲು ಹಾಕಿಕೊಳ್ಳುವವರು. ಇಂಥವರು ಪಕ್ಕದ ಮನೆಯ ಡೇಲ್‌ಗೆ ಕಾಡುಹಂದಿ ಹೊಡೆಯುವ ಬಂದೂಕು ತಯಾರು ಮಾಡಿಕೊಡಲು ಒಪ್ಪಿದ್ದರು. ಯಾಕೆಂದು ಕೇಳಿದರೆ, "ಹಂದಿ ಅವಂದು, ಉಕ್ಕು ನಂದು," ಎಂದರು.

ಆಗ ನಾನು ಆಸ್ಟಿನ್ನಿನ ಉತ್ತರಕ್ಕೆ ಫ್ಲೂಗರ್‌ವಿಲ್‌ನಲ್ಲಿದ್ದೆ. ವಾರಾಂತ್ಯಕ್ಕೆ ಮೂರು ಗಂಟೆ ಡ್ರೈವ್ ಮಾಡಿ ವಾಸಣ್ಣನ ಮನೆಗೆ ಬರುತ್ತಿದ್ದುದು ಬಂದೂಕಿಗಾಗಿಯೋ, ಅವರ ಹೆಂಡತಿ ಪದ್ಮಕ್ಕ ಬಡಿಯುವ ಜೋಳದ ರೊಟ್ಟಿಗಾಗಿಯೋ ಎಂದು ಈಗ ಹೇಳಲಾರೆ. ನೆನಪು ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸುತ್ತದೆ. ಅಕ್ಟೋಬರ್ ತಿಂಗಳು, ಗ್ಯಾರೇಜಿನ ಫ್ಯಾನು ತಿರುಗುತ್ತಿತ್ತು ಎಂದು ಬರೆಯಲು ಹೊರಟೆ. ಆದರೆ ಹ್ಯೂಸ್ಟನ್ನಿನಲ್ಲಿ ಫ್ಯಾನು ಡಿಸೆಂಬರಿನಲ್ಲೂ ತಿರುಗುತ್ತದೆ. ಫ್ಯಾನು ತಿರುಗುತ್ತಿತ್ತು ಎನ್ನುವುದಷ್ಟೇ ಇರಲಿ.

ಅಂಚಿನ ಸಂಗತಿ ಇಷ್ಟು. ಹಳೆಯ ಕಾಲದ ದಪ್ಪ ಬೇಟೆತೋಟಾಗಳ ಬುಡದಲ್ಲಿ, ಊಟದ ತಟ್ಟೆಗಿರುವಂತೆ, ಹೊರಚಾಚಿದ ಅಂಚು ಇರುತ್ತದೆ. ಒಂದೊಂದಾಗಿ ಕೈಯಲ್ಲಿ ತುಂಬುವಾಗ ಅದು ಬಲು ಉಪಕಾರಿ. ಸೈನ್ಯದ ರೈಫಲ್ಲಿನಲ್ಲಿ ಹಾಗಲ್ಲ. ಅಲ್ಲಿ ತೋಟಾಗಳನ್ನು ಒಂದರ ಮೇಲೊಂದು ಪೇರಿಸಿ, ಬೋಲ್ಟ್ ಎಂಬ ಅಗುಳಿಯನ್ನು ಹಿಂದೆ ಮುಂದೆ ಎಳೆದು ಒಂದೊಂದನ್ನೇ ನಳಿಗೆಗೆ ತಳ್ಳಬೇಕು. ಮೇಲಿನದರ ಅಂಚು ಕೆಳಗಿನದಕ್ಕೆ ಸಿಕ್ಕಿಬಿದ್ದರೆ ಸಿಪಾಯಿಯ ಗತಿ ಮುಗಿಯಿತು. ವಾಸಣ್ಣ ಇದನ್ನು ಪದ್ಮಕ್ಕನ ಸ್ಟೀಲ್ ತಟ್ಟೆಗಳನ್ನು ಪೇರಿಸಿ, ಮೇಲಿನದನ್ನು ಸರ್ರನೆ ಎಳೆದು ತೋರಿಸಿದರು. ತಟ್ಟೆಗಳು ನೆಲಕ್ಕೆ ಬಿದ್ದವು. "ಬಂದೂಕದ ಸುದ್ದಿ ಗ್ಯಾರೇಜಿನ್ಯಾಗ ಇರ್ಲಿರಿ. ಅಡಗಿಮನಿಗೆ ಬಂತಂದ್ರ ನಾ ಗ್ಯಾರೇಜಿಗೆ ಹೋಗ್ತೀನಿ," ಎಂದರು ಪದ್ಮಕ್ಕ.

ಹೆಚ್ಚಿನ ಸೈನ್ಯಗಳು ಅಂಚನ್ನೇ ಬಿಟ್ಟುಬಿಟ್ಟವು. ಸಯಾಮ್, ಅಂದರೆ ಈಗಿನ ಥಾಯ್ಲೆಂಡ್ ದೇಶದವರು ಅಂಚನ್ನು ಉಳಿಸಿಕೊಂಡು, ಜರ್ಮನ್ ನಕ್ಷೆ ಕೊಟ್ಟು ಜಪಾನಿನಲ್ಲಿ ರೈಫಲ್ ಮಾಡಿಸಿದರು. ಅಂಚುಗಳು ತೊಡರದೆ ಒಂದರ ಮುಂದೊಂದು ಕೂರಲೆಂದು ಅದರ ತೋಟಾಪೆಟ್ಟಿಗೆ ಓರೆಯಾಗಿದೆ. ಅಮೆರಿಕದ ದಪ್ಪ ತೋಟಾಕ್ಕೆ ಮಾರ್ಪಡಿಸಲು ಇದರಷ್ಟು ಒಗ್ಗುವ ಹಳೇ ಸೈನ್ಯದ ಬಂದೂಕು ಕಡಿಮೆ ಎಂದು ಇಲ್ಲಿನ ಹವ್ಯಾಸಿಗಳ ನಂಬಿಕೆ. ಡೇಲ್ ತಂದದ್ದು ಅಂಥದ್ದೇ ಒಂದು. ಜರ್ಮನ್ ಬುದ್ಧಿ, ಜಪಾನಿನ ಉಕ್ಕು, ಸಯಾಮಿನ ಅಳತೆ, ಅಮೆರಿಕದ ತೋಟಾ, ಹುಬ್ಬಳ್ಳಿಯ ಕೈ. ಬರೆಯುವ ಚಟದವನಾದ ನನಗೆ ಇದರಲ್ಲಿ ತಕ್ಷಣ ವಲಸೆಯ ಮಹಾರೂಪಕವೊಂದು ಕಂಡು, ಅದನ್ನು ವಾಸಣ್ಣನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಆ ಸ್ಪ್ಯಾನರ್ ಕೊಡು," ಎಂದರು.

ಡೇಲ್‌ಗೆ ಇದು ಬರೀ ಬಂದೂಕಲ್ಲ, ತೀರಿಹೋದ ಅಪ್ಪನ ಬಂದೂಕು. ಅಪ್ಪ ಎರಡನೇ ಮಹಾಯುದ್ಧ ಮುಗಿಸಿ ಬರುವಾಗ, ಬ್ಯಾಂಕಾಕಿನ ಒಬ್ಬ ಅಧಿಕಾರಿಗೆ ತನ್ನ ಬೂಟು ಬಿಚ್ಚಿಕೊಟ್ಟು ಇದನ್ನು ಪಡೆದು, ಬರಿಗಾಲಲ್ಲಿ ಹಡಗು ಹತ್ತಿದನಂತೆ. ಈ ಕಥೆಯನ್ನು ಡೇಲ್ ನಮಗೆ ಬೇಲಿಯ ಆಚೆ ನಿಂತು ಮೂರು ಸಲ ಹೇಳಿದ್ದ. ಹೊಸ ನಳಿಗೆ ತರಲು ನಾವು ಮೂವರೂ ಡಲ್ಲಾಸಿನ ಬಂದೂಕು ಸಂತೆಗೆ ಹೋದಾಗ ದಾರಿಯುದ್ದಕ್ಕೂ ನಾಲ್ಕನೇ ಸಲ ಹೇಳಿದ. ವಾಸಣ್ಣ ಪ್ರತಿಸಲವೂ ಬೂಟಿನ ಜಾಗ ಬಂದಾಗ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು.

ಹಳೇ ನಳಿಗೆ ಬಿಚ್ಚಿ, ಜಿಡ್ಡು ಒರೆಸಿದ ಮೇಲೆ ಅದರ ಮೇಲೊಂದು ಸಣ್ಣಕ್ಷರದ ಮುದ್ರೆ ಕಂಡಿತು. ಯಾವುದೋ ಆಮದು ಕಂಪನಿಯ ಹೆಸರು, ಅಮೆರಿಕದ ಒಂದು ಊರು. ವಾಸಣ್ಣ ಒಬ್ಬರೇ ಇದ್ದಿದ್ದರೆ ಒರೆಸಿ ಪಕ್ಕಕ್ಕಿಡುತ್ತಿದ್ದರು. ದುರದೃಷ್ಟಕ್ಕೆ ನಾನಿದ್ದೆ. ಮನೆಗೆ ಹೋಗಿ, ಫೋನ್ ಲೈನಿನ ಆ ಕಿರುಗುಡುವ ಇಂಟರ್ನೆಟ್ಟಿನಲ್ಲಿ ಹುಡುಕಿ, ಮುಂದಿನ ಶನಿವಾರ ವಿಜಯಶಾಲಿಯಾಗಿ ಬಂದೆ. ಇಂಥ ಮುದ್ರೆ ಹಾಕಬೇಕೆಂಬ ನಿಯಮ ಬಂದದ್ದೇ ಯುದ್ಧ ಮುಗಿದು ಇಪ್ಪತ್ತು ವರ್ಷ ದಾಟಿದ ಮೇಲೆ. ಈ ಬಂದೂಕು ಸಗಟು ಸರಕಾಗಿ ಹಡಗಿನಲ್ಲಿ ಬಂದದ್ದು, ಯಾರೋ ಅಂಗಡಿಯಲ್ಲಿ ಕೊಂಡದ್ದು. ಬೂಟೂ ಇಲ್ಲ, ಬ್ಯಾಂಕಾಕೂ ಇಲ್ಲ.

ಅಚ್ಚುಕಟ್ಟಾದ ನೆನಪುಗಳನ್ನು ಕಂಡರೆ ಸಂಶಯಪಡುವುದೇ ನನ್ನ ಕಸುಬು. ಡೇಲ್‌ಗೆ ಹೇಳಿಬಿಡಬೇಕು ಎಂದೆ. ಪದ್ಮಕ್ಕ ನನ್ನನ್ನೇ ನೋಡಿದರು. "ಸತ್ತ ಅಪ್ಪ ಸುಳ್ಳುಗಾರ ಅಂತ ಮಗಗ ಹೇಳಾಕ ಆಸ್ಟಿನ್ನಿಂದ ಬಂದಿಯೇನಪಾ?" ರೊಟ್ಟಿ ನನ್ನ ತಟ್ಟೆಯ ತನಕ ಬಂದು ಸ್ವಲ್ಪ ತಡೆದು ಬಿದ್ದಂತೆ ಅನಿಸಿತು.

ಸರಿ, ಹೇಳುವುದು ಬೇಡ. ಹಳೇ ನಳಿಗೆ ಗುಜರಿಗೆ ಹೋದರೆ ಗುಟ್ಟೂ ಹೋಗುತ್ತದೆ ಎಂದೆ. ವಾಸಣ್ಣ ಬೆಚ್ಚಿದರು. ನಮ್ಮೂರಿನಲ್ಲಿ ಸ್ಕೂಟರ್ ರಿಪೇರಿಗೆ ಕೊಟ್ಟವರಿಗೆ ಇದು ಗೊತ್ತು. ಬಿಚ್ಚಿದ ಹಳೇ ಪಾರ್ಟುಗಳನ್ನು ಪೇಪರಿನಲ್ಲಿ ಕಟ್ಟಿ ಯಜಮಾನನ ಕೈಗೆ ಕೊಟ್ಟರೇನೇ ಮೆಕ್ಯಾನಿಕ್ಕಿನ ಮಾನ ಉಳಿಯುವುದು. ಹೊಸದು ಹಾಕಿದ್ದಕ್ಕೆ ಅದೇ ಸಾಕ್ಷಿ. ವಾಸಣ್ಣ ಬಿಚ್ಚಿದ ಒಂದು ಸ್ಕ್ರೂವನ್ನೂ ಇಟ್ಟುಕೊಂಡವರಲ್ಲ. ಹಾಗಾದರೆ ಮುದ್ರೆಯನ್ನು ಅರದಿಂದ ಉಜ್ಜಿಬಿಡಿ ಎಂದೆ. ಒಂದೇ ಊಟದ ಹೊತ್ತಿನಲ್ಲಿ ಸತ್ಯಹರಿಶ್ಚಂದ್ರನ ಪೀಠದಿಂದ ಅಲ್ಲಿಗೆ ಇಳಿದಿದ್ದೆ.

"ಮಾಲು ಬಂದಂಗ ಹೋಗ್ಬೇಕು ತಮ್ಮಾ," ಎಂದರು ವಾಸಣ್ಣ. "ಅದ್ರ ಮ್ಯಾಲೆ ಏನ್ ಬರದೈತೋ ಅದನ್ನ ಓದೂದು ನನ್ನ ಕೆಲಸ ಅಲ್ಲ. ಅಳಿಸೂದೂ ಅಲ್ಲ."

ಮಾತು ಗಟ್ಟಿ, ಕಾಲು ಮಾತ್ರ ಏಳಲಿಲ್ಲ. ಹೊಸ ನಳಿಗೆ ಕೂತಿತು, ಮದ್ದಿಲ್ಲದ ಹುಸಿತೋಟಾಗಳು ತೊಡರದೆ ಒಳಹೋಗಿ ಹೊರಬಂದವು, ಕೆಲಸ ಮುಗಿಯಿತು. ಆದರೂ ಮೂರು ವಾರ ವಾಸಣ್ಣ ಬೋಲ್ಟಿಗೆ ಪಾಲಿಶ್ ಮಾಡುತ್ತಲೇ ಇದ್ದರು. ಡೇಲ್ ಬೇಲಿಯ ಆಚೆಯಿಂದ ವಿಚಾರಿಸಿದಾಗಲೆಲ್ಲ ಇನ್ನೊಂದು ಚೂರು, ಇನ್ನೊಂದು ಚೂರು ಎನ್ನುತ್ತಿದ್ದರು. ಕೊನೆಗೆ ಪದ್ಮಕ್ಕನೇ ಒಂದು ಭಾನುವಾರ ಬೆಳಿಗ್ಗೆ ಹಳೇ ನಳಿಗೆಯನ್ನು ಹರಿದ ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು, ಥೇಟು ಜಿರಲೆಗಳ ಹಾಗೆ.

ಡೇಲ್‌ನ ವರಾಂಡದ ಮೇಜಿನ ಮೇಲೆ ವಾಸಣ್ಣ ಎಲ್ಲವನ್ನೂ ಸಾಲಾಗಿ ಇಟ್ಟರು. ಸ್ಕ್ರೂ, ಸ್ಪ್ರಿಂಗು, ಕೊನೆಗೆ ನಳಿಗೆ, ಮುದ್ರೆ ಕೆಳಗಾಗಿ. ಸಿದ್ಧವಾದ ಬಂದೂಕನ್ನು ಬಿಟ್ಟು ಡೇಲ್ ಹಳೇ ನಳಿಗೆಯನ್ನೇ ಎತ್ತಿಕೊಂಡ. ತಿರುಗಿಸಿದ. ಕನ್ನಡಕ ಹಾಕಿಕೊಂಡ. ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದ. ಸಾಂತ್ವನದ ನಾಲ್ಕು ವಾಕ್ಯಗಳನ್ನು ನಾನು ದಾರಿಯಲ್ಲೇ ಹೊಂದಿಸಿಕೊಂಡಿದ್ದೆ. ಅವು ನಾಲಿಗೆಯ ತುದಿಗೆ ಬಂದವು.

"ಅಪ್ಪ ಇದನ್ನು ಕೊಂಡ ದಿನ ಟ್ರಕ್ ಓಡಿಸಿದ್ದು ನಾನೇ," ಎಂದ ಡೇಲ್. ಯುದ್ಧದ ವರ್ಷಗಳನ್ನೆಲ್ಲ ಅಪ್ಪ ಇಲ್ಲೇ ಸ್ಯಾನ್ ಆಂಟೋನಿಯೊದಲ್ಲಿ ಸೈನ್ಯದ ಕಂಬಳಿ ಉಗ್ರಾಣದಲ್ಲಿ ಕಳೆದಿದ್ದನಂತೆ. ಬ್ಯಾಂಕಾಕು ಬಂದದ್ದು ಒಂದು ಬಾರ್ಬೆಕ್ಯೂ ಮಧ್ಯಾಹ್ನ. ಬೂಟು ಸೇರಿಕೊಂಡದ್ದು ಅದಕ್ಕೂ ಎಷ್ಟೋ ವರ್ಷಗಳಾದ ಮೇಲೆ. "ಕಥೆ ಪ್ರತಿವರ್ಷ ಚೆನ್ನಾಗುತ್ತಾ ಹೋಯಿತು. ಅದನ್ನು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ."

ವಾಸಣ್ಣ ಮೂರು ವಾರದ ಉಸಿರನ್ನು ಒಟ್ಟಿಗೇ ಬಿಟ್ಟರು. ನನಗೆ ಮಾತ್ರ, ನಾಚಿಕೆಯಿಲ್ಲದೆ ಹೇಳುತ್ತೇನೆ, ನಿರಾಶೆಯಾಯಿತು. ದಯೆ ತೋರಿಸಲು ತಯಾರಾಗಿ ಹೋದವನಿಗೆ, ಅದು ಬೇಕಿಲ್ಲದ ಮನುಷ್ಯ ಸಿಕ್ಕರೆ ಆಗುವ ಪೆಚ್ಚು ಸಣ್ಣದಲ್ಲ.

ಡೇಲ್ ಆಮೇಲೆ ಬೋಲ್ಟನ್ನು ಎಳೆದು, ತಳ್ಳಿ, ಮತ್ತೆ ಎಳೆದ. ಬೆಣ್ಣೆಯಲ್ಲಿ ಆಡಿದಂತೆ ಆಡಿತು. ಈ ಕೆಲಸ ಎಲ್ಲಿ ಕಲಿತೆ ಎಂದು ಕೇಳಿದ. ವಾಸಣ್ಣನ ತಂದೆ ಹುಬ್ಬಳ್ಳಿಯಲ್ಲಿ ಪೋಸ್ಟ್ ಮಾಸ್ತರರಾಗಿದ್ದವರು, ಸ್ಕ್ರೂಡ್ರೈವರ್ ಹಿಡಿದವರಲ್ಲ. ವಾಸಣ್ಣ ಒಂದು ಕ್ಷಣ ಆ ಹಳೇ ನಳಿಗೆಯನ್ನು ನೋಡಿದರು. ತಮ್ಮ ಟೂಲ್ ರೂಮ್ ಇಂಗ್ಲಿಷಿನಲ್ಲಿ, ನಿಧಾನವಾಗಿ, ತಮ್ಮಪ್ಪ ಮಹಾರಾಜರ ಬೇಟೆ ಬಂದೂಕುಗಳನ್ನು ರಿಪೇರಿ ಮಾಡುತ್ತಿದ್ದರು ಎಂದರು. ಹೇಳಿ ಮುಗಿಸಿದ ಮೇಲೆ ಅವರ ಕಿವಿ ಕೆಂಪಾಯಿತು.

ಡೇಲ್ ಗಂಭೀರವಾಗಿ ನನ್ನ ಕಡೆ ತಿರುಗಿ, ಹೌದಾ ಎಂದು ಕೇಳಿದ.

"ಆನೆ ಮೇಲೆ ಕೂತೇ ಮಾಡುತ್ತಿದ್ದರು," ಎಂದೆ.