ವಲ್ಲಿಯ ಕೆಳಗಿನ ಕೈ

ಅಕ್ಕಲಕೋಟದ ಕಡೆಯ ದನದ ಬಜಾರುಗಳಲ್ಲಿ ಶಾಂತಲಿಂಗಪ್ಪನ ಬಾಯಿಂದ ಬೆಲೆ ಕೇಳಿದವರು ಯಾರೂ ಇಲ್ಲ. ಬೆಲೆ ಹೇಳುತ್ತಿದ್ದದ್ದು ಅವನ ಕೈ. ಕೊಳ್ಳಲು ಬಂದವನ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದು, ಹೆಗಲ ಮೇಲಿನ ವಲ್ಲಿಯನ್ನು ಎರಡರ ಮೇಲೂ ಹೊದಿಸಿ, ಒಳಗೊಳಗೇ ಬೆರಳು ಒತ್ತುತ್ತಿದ್ದ. ಸುತ್ತ ನಿಂತವರಿಗೆ ಬಟ್ಟೆ ಅಲುಗಿದ್ದಷ್ಟೇ ಕಾಣುತ್ತಿತ್ತು. ಕರುವಿನ ಮುಂದೆ ಒಂದು ಬೆರಳೆಂದರೆ ಒಂದು ಬೆಲೆ, ಅದೇ ಬೆರಳು ಎತ್ತಿನ ಜೋಡಿಯ ಮುಂದೆ ಬೇರೆಯೇ ಬೆಲೆ. ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಎದುರಿಗೆ ನಿಂತ ದನವೇ ಅದನ್ನು ಹೇಳಿಬಿಡುತ್ತಿತ್ತು. ಒಪ್ಪಿಗೆಯಾದರೆ ಅಂಗೈಗೆ ಅಂಗೈ ಒತ್ತುವುದು, ಇಲ್ಲವಾದರೆ ಕೈ ಎಳೆದುಕೊಳ್ಳುವುದು. ಅಷ್ಟಕ್ಕೇ ವ್ಯಾಪಾರ ಮುಗಿಯಿತು.

ಆ ಬಲಗೈಯನ್ನು ಅವನು ಬಹಳ ಜೋಪಾನ ಮಾಡುತ್ತಿದ್ದ. ಬಜಾರಿಗೆ ಹೊರಡುವ ಮುಂಜಾನೆ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಅದರಿಂದ ಸೆಗಣಿ ಮುಟ್ಟುತ್ತಿರಲಿಲ್ಲ. ಬಾಲ ಹಿಡಿಯುವುದು, ಗೊರಸು ಎತ್ತಿ ನೋಡುವುದು, ಹುಳ ಬಿದ್ದ ಹುಣ್ಣು ಕೆದರುವುದು ಎಲ್ಲ ಎಡಗೈಯ ಪಾಲು. ವ್ಯಾಪಾರಕ್ಕೆ ನಿಂತಾಗ ಆ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು.

ಮನೆಯಲ್ಲೂ ಮಾತು ಕಡಿಮೆಯೇ. ಇಂದುಬಾಯಿ ಮದುವೆಯಾಗಿ ಬಂದ ಹೊಸದರಲ್ಲಿ, ಖಾಲಿ ತಂಬಿಗೆ ಸರಿಸಿದರೆ ನೀರು ಬೇಕು, ತಾಟು ಸರಿಸಿದರೆ ಸಾಕು ಎಂದು ಒಂದೊಂದಾಗಿ ಕಲಿತಳು. ಒಮ್ಮೆ ಬೇಸತ್ತು ಅತ್ತೆ ಗೋದೂಬಾಯಿಯ ಮುಂದೆ, ಸಂಬಂಧ ಕೇಳಲು ಈ ಮನೆಗೆ ಬಂದ ದಿನ ನಿಮ್ಮ ಮಗನ ಬಾಯಲ್ಲಿ ನಾಲಿಗೆ ಇದೆಯೋ ಇಲ್ಲವೋ ನಮ್ಮಪ್ಪ ನೋಡಬೇಕಿತ್ತು ಎಂದುಬಿಟ್ಟಳು. ಗೋದೂಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಎತ್ತಿನ ಹಲ್ಲ ಎಣಿಸೂ ಮಂದಿ ಮನಿಗೆ ಬಂದು ನಿಮ್ಮಪ್ಪ ಬಾಯಿ ನೋಡದ ಹ್ವಾದ್ರ, ನಾ ಏನ ಮಾಡ್ಲೆವ್ವಾ? ಈಗ ವಾಪಸ್ ತಗೊಳ್ಳಂಗಿಲ್ಲ."

ಆ ಮಾತಿಗೆ ಇಂದುಬಾಯಿ ಮುದುಕಿಯಾದ ಮೇಲೂ ನಗುತ್ತಿದ್ದಳು. ಅಷ್ಟು ವರ್ಷ ಬಾಳಿದ ಮೇಲೆ ಗಂಡನ ಮನಸ್ಸಿನಲ್ಲಿ ಏನಿದೆ ಎಂದು ತನಗೆ ತಿಳಿಯದ ದಿನ ಬಂದೀತೆಂದು ಅವಳು ಎಣಿಸಿರಲಿಲ್ಲ.

ಒಂದು ಮುಂಜಾನೆ ಎತ್ತಿನ ಮೈ ತೊಳೆಯುತ್ತಿದ್ದವನು ಅದರ ಕಾಲ ಬುಡದಲ್ಲೇ ಕುಸಿದು ಕೂತ. ಬಲಭಾಗಕ್ಕೆ ಲಕ್ವಾ ಹೊಡೆದಿತ್ತು. ಗಾಬರಿಬಿದ್ದ ಎತ್ತು ಅವನ ಬಲ ಪಾದವನ್ನು ತುಳಿಯಿತು. ಅವನಿಗೆ ಅದು ಗೊತ್ತೇ ಆಗಲಿಲ್ಲ. ಮೊದಲೇ ಸಕ್ಕರೆ ಕಾಯಿಲೆಯ ಮೈ. ಆ ಗಾಯ ಮಾಯಲೇ ಇಲ್ಲ.

ಮಗ ಸ್ವಪ್ನಿಲ ಸೋಲಾಪುರದ ನವಿ ಪೇಠದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಪ್ಪನನ್ನು ಅಲ್ಲಿಯ ಆಸ್ಪತ್ರೆಗೆ ಸೇರಿಸಿದ, ಆಮೇಲೆ ತನ್ನ ಬಾಡಿಗೆ ಮನೆಗೆ ಕರೆತಂದ. ಸೊಸೆ ಶೀತಲ ಸೋಲಾಪುರದಲ್ಲೇ ಬೆಳೆದ ಹುಡುಗಿ, ಮರಾಠಿಯವಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ಮಾತ್ರ ಅರ್ಧ ದಾರಿಯಲ್ಲಿ ಮರಾಠಿಗೆ ಹೊರಳುತ್ತಿದ್ದಳು. ಮೊದಲ ದಿನ ಅವಳು ಚಹಾದ ಕಪ್ಪನ್ನು ಮಾವನ ಎಡಗೈಗೆ ಕೊಡಲು ಹೋದಳು. ಕೆಂಡ ತಗುಲಿದವನಂತೆ ಅವನು ಕೈ ಎಳೆದುಕೊಂಡ. ತಾಟು ಇಟ್ಟರೂ ಎಡಗೈ ತಾಟಿನ ಹತ್ತಿರ ಹೋಗಲಿಲ್ಲ. ಸಿಟ್ಟು ಬಂದಿದೆಯೇನೋ ಎಂದು ಶೀತಲ ಹೆದರಿದಳು. ಕೊನೆಗೆ ಇಂದುಬಾಯಿ ತಾನೇ ರೊಟ್ಟಿಯ ಚೂರು ಮುರಿದು ಬಾಯಿಗಿಟ್ಟಳು. ಅವನು ಹಸಿದ ಕರುವಿನ ಹಾಗೆ ಉಂಡ. ಅಂದಿನಿಂದ ಉಣಿಸುವುದು ಅವಳ ಕೆಲಸವಾಯಿತು, ಯಾಕೆ ಹೀಗೆ ಎಂದು ಯಾರೂ ಮತ್ತೆ ಯೋಚಿಸಲಿಲ್ಲ.

ಮಾತು ಪೂರ್ತಿ ಹೋಗಿತ್ತು ಎನ್ನುವ ಹಾಗೂ ಇರಲಿಲ್ಲ. ಕೇಳಿದ್ದು ಒಳಗೆ ಹೋಗುತ್ತಿತ್ತು, ಆದರೆ ಒಳಗೆ ಹೋಗಿ ಎಲ್ಲೆಲ್ಲೋ ಕಾಲಿಡುತ್ತಿತ್ತು. ತಪಾಸಣೆಗೆ ಹೋದಾಗ ಡಾಕ್ಟರ್‌ಬಾಯಿ ಮರಾಠಿಯಲ್ಲಿ ಮೂಗು ಮುಟ್ಟಿಕೊಳ್ಳಿ ಎಂದರು. ಮರಾಠಿಯಲ್ಲಿ ಮೂಗಿಗೆ ನಾಕ ಎನ್ನುತ್ತಾರೆ. ಶಾಂತಲಿಂಗಪ್ಪ ಬಜಾರಿನ ಕನ್ನಡದ ಲೆಕ್ಕ ಹಿಡಿದು ನಾಲ್ಕು ಬೆರಳು ಎತ್ತಿ ತೋರಿಸಿದ. ಮನೆಯಲ್ಲಿ ಇಂದುಬಾಯಿ ಸ್ವಪ್ನಿಲನನ್ನು ಕರಿ ಎಂದು ಸೊಸೆಗೆ ಹೇಳಿದರೆ, ಅವನು ಒಲೆಯ ಮೇಲಿನ ಎಣ್ಣೆಯ ಬಾಣಲೆಯನ್ನೂ ಗೋಡೆಗೆ ತೂಗುಹಾಕಿದ್ದ ಕರಿ ಕೊಡೆಯನ್ನೂ ನೋಡುತ್ತ ಕಂಗಾಲಾಗುತ್ತಿದ್ದ, ಮೂರರಲ್ಲಿ ಯಾವುದನ್ನು ಬಿಡಬೇಕೆಂದು ತಿಳಿಯದವನ ಹಾಗೆ.

ಡಾಕ್ಟರ್‌ಬಾಯಿ ಅದನ್ನು ಬಿಡಿಸಿ ಹೇಳಿದರು, ಶೀತಲ ತನ್ನ ಮುರುಕು ಕನ್ನಡದಲ್ಲಿ ಅತ್ತೆಗೆ ದಾಟಿಸಿದಳು. ಶಬ್ದಗಳು ಅಳಿಸಿಹೋಗಿಲ್ಲ, ಮೆದುಳಿನಲ್ಲಿ ಹಾಗೇ ಇವೆ. ಒಂದು ಶಬ್ದಕ್ಕೆ ಎರಡು ಮೂರು ಅರ್ಥ ಇದ್ದರೆ, ಕೇಳಿದ ಕೂಡಲೇ ನಮ್ಮೆಲ್ಲರ ತಲೆಯಲ್ಲೂ ಅವೆಲ್ಲ ಒಟ್ಟಿಗೇ ಏಳುತ್ತವಂತೆ. ಆ ಹೊತ್ತಿಗೆ ಬೇಕಾದದ್ದು ಒಂದು ನಿಲ್ಲುತ್ತದೆ, ಉಳಿದವನ್ನು ಮೆದುಳು ಕಣ್ಣು ಮಿಟುಕಿಸುವುದರೊಳಗೆ ಕೂರಿಸಿಬಿಡುತ್ತದೆ. ನಮಗೆ ಅದು ಗೊತ್ತೂ ಆಗುವುದಿಲ್ಲ. ಇವರಲ್ಲಿ ಕೂರಿಸುವ ಆ ಶಕ್ತಿಗೇ ಪೆಟ್ಟು ಬಿದ್ದಿದೆ. ಒಮ್ಮೊಮ್ಮೆ ಎಲ್ಲವೂ ನಿಂತೇ ಇರುತ್ತವೆ, ಒಮ್ಮೊಮ್ಮೆ ಬೇಡದ್ದು ನಿಂತು ಬೇಕಾದದ್ದು ಕೂತುಬಿಡುತ್ತದೆ.

ಇಂದುಬಾಯಿಗೆ ಇದು ಅರ್ಥವಾಗದ ಮಾತಲ್ಲ. ದೊಡ್ಡಿಯ ಬಾಗಿಲಲ್ಲಿ ನಿಂತು ಒಂದು ದನವನ್ನು ಕೂಗಿದರೆ ನಾಲ್ಕು ಕತ್ತೆತ್ತುತ್ತವೆ. ಬೇಕಾದದ್ದನ್ನು ಹೊರಗೆ ಬಿಟ್ಟು ಉಳಿದವನ್ನು ತಡೆಯಲು ಬಾಗಿಲಲ್ಲಿ ಒಬ್ಬ ನಿಂತಿರಬೇಕು. ಗಂಡನ ತಲೆಯಲ್ಲಿ ದನವೆಲ್ಲ ಇವೆ, ಬಾಗಿಲಲ್ಲಿ ನಿಂತವನು ಸತ್ತಿದ್ದಾನೆ ಎಂದುಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಪಾದ ಕಪ್ಪಾಯಿತು. ವಾಸನೆ ಪಡಸಾಲೆಯವರೆಗೂ ಬರತೊಡಗಿತು. ಮತ್ತೆ ಆಸ್ಪತ್ರೆ. ಮೊಣಕಾಲಿನ ಮೇಲಕ್ಕೆ ತೆಗೆಯಬೇಕು, ಇಲ್ಲದಿದ್ದರೆ ನಂಜು ಏರುತ್ತದೆ ಎಂದರು. ತೆಗೆದರೂ ಹೃದಯ ಸೋತಿದೆ, ಟೇಬಲ್ಲಿನ ಮೇಲಿಂದ ಏಳದೆ ಇರಬಹುದು, ಎದ್ದರೆ ಇನ್ನೂ ಕೆಲವು ವರ್ಷ ಬದುಕಬಹುದು ಎಂದೂ ಹೇಳಿದರು. ತೀರ್ಮಾನ ಮನೆಯವರದು.

ಸ್ವಪ್ನಿಲ ತಾಯಿಯ ಮುಖ ನೋಡಿದ. ಹೇಗಿದ್ದರೂ ಸತ್ತ ಕಾಲು, ಹೋದರೆ ಹೋಗಲಿ ಎಂದು ಅವನಿಗೊಂದು ಮನಸ್ಸು. ಕೊಯ್ಯಿಸಿದಾಗಲೇ ಅಪ್ಪ ಹೋಗಿಬಿಟ್ಟರೆ ಜನ್ಮವೆಲ್ಲ ತಾನೇ ಕೊಂದಂತೆ ಎಂದು ಇನ್ನೊಂದು ಮನಸ್ಸು. ಇಂದುಬಾಯಿಗೂ ಹಾಗೇ. ದನ ಕೊಳ್ಳುವಾಗ ಮೊದಲು ಕಾಲು ನೋಡುವ ಮನುಷ್ಯ. ಕುಂಟು ದನವನ್ನು ಅಂಗಳದೊಳಗೆ ಬಿಟ್ಟುಕೊಂಡವನಲ್ಲ. ಅದೇ ಮನುಷ್ಯ ಮೊಮ್ಮಗಳು ಭಕ್ತಿ ಅಂಬೆಗಾಲಿಡುತ್ತ ಹಾಸಿಗೆಯ ಹತ್ತಿರ ಬಂದರೆ ಗೋಡೆಗೆ ಒರಗಿ ಏಳಲು ಒದ್ದಾಡುತ್ತಿದ್ದ. ಬದುಕುವ ಆಸೆ ಇಲ್ಲದವನ ಒದ್ದಾಟವಲ್ಲ ಅದು. ಅವಳು ಒಂದೇ ಹಟ ಹಿಡಿದಳು. ಕಾಲು ಅವರದು, ಮಾತೂ ಅವರದೇ ಆಗಬೇಕು, ಅವರು ಏನೆನ್ನುತ್ತಾರೋ ಅದೇ ಆಗಲಿ.

ಕಾಲು ತೆಗೆಸೋಣವೇ ಎಂದು ಮಗ ಬಗ್ಗಿ ಕೇಳಿದ. ಶಾಂತಲಿಂಗಪ್ಪ ಹೂಂ ಎನ್ನುವಂತೆ ತಲೆಯಾಡಿಸಿದ. ಸ್ವಪ್ನಿಲನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಪಕ್ಕದಲ್ಲಿದ್ದ ನರ್ಸು ಕಾಲಪಾಸೂನ ಜ್ವರ ಇದೆ ಎಂದು ಯಾರಿಗೋ ಹೇಳಿದಳು, ನಿನ್ನೆಯಿಂದ ಎಂದು ಮರಾಠಿಯಲ್ಲಿ. ಅದಕ್ಕೂ ಅವನು ತನ್ನ ಕಾಲು ನೋಡಿಕೊಂಡು ತಲೆಯಾಡಿಸಿದ. ಇಂದುಬಾಯಿ ಮುಂದೆ ಬಂದು ಅವನ ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ಏನ್ರಿ, ನಾ ಸತ್ತು ವರ್ಸಾತು. ಗೊತ್ತೈತೇನ್ರಿ?"

ಅವನು ಅಕ್ಕರೆಯಿಂದಲೇ ತಲೆಯಾಡಿಸಿದ. ಸ್ವಪ್ನಿಲ ಹೊರಗೆ ಹೋಗಿ ಕಟಕಟೆಗೆ ಒರಗಿ ನಿಂತ.

ಆಗ ಅವಳಿಗೆ ಚಂದ್ರಶೇಖರ ನೆನಪಾದ. ಮಂಗಳವೇಢೆಯ ಕಡೆಯ ದಲಾಲ, ಗಂಡನ ಎದುರು ಜೀವನವೆಲ್ಲ ವ್ಯಾಪಾರ ಮಾಡಿದವನು, ಅವನಿಗಿದ್ದ ಒಬ್ಬನೇ ಗೆಳೆಯ. ಬಾಯ ಮಾತು ಕೆಟ್ಟರೆ ಕೆಡಲಿ, ಕೈಯ ಮಾತು ಕೆಟ್ಟಿರಲಿಕ್ಕಿಲ್ಲ ಎಂದು ಅವಳಿಗೆ ಹೊಳೆಯಿತು. ಬಜಾರಿನ ಕೈಗೆ ಶಬ್ದ ಬೇಡ, ಎದುರಿಗೆ ದನವೊಂದು ನಿಂತರೆ ಸಾಕು. ಫೋನು ಮಾಡಿಸಿದಳು. ಚಂದ್ರಶೇಖರ ಸಿಕ್ಕ ಎಸ್‌ಟಿ ಬಸ್ಸು ಹಿಡಿದು ಮಧ್ಯಾಹ್ನಕ್ಕೆ ಬಂದ, ದನದ ವಾಸನೆಯ ಅಂಗಿಯಲ್ಲೇ.

ಬಂದವನು ಮೊದಲು ಎಂದಿನ ಹಾಗೆ ಕೆಣಕಿದ.

"ಏನೋ ದೋಸ್ತ, ಮಲಕೊಂಡು ವ್ಯಾಪಾರ ಮಾಡೂ ಹೊಸಾ ಪದ್ಧತಿ ತಗದಿಯೇನು?"

ಶಾಂತಲಿಂಗಪ್ಪನ ಮುಖದ ಅರ್ಧ ಭಾಗ ನಕ್ಕಿತು. ಇಂದುಬಾಯಿ ವಿಷಯ ಹೇಳಿದಳು. ಚಂದ್ರಶೇಖರನ ನಗೆ ಆರಿತು. ಬಹಳ ಹೊತ್ತು ತನ್ನ ವಲ್ಲಿಯ ಅಂಚು ತೀಡುತ್ತ ಕೂತ. ಆಮೇಲೆ ಗೆಳೆಯನ ಬಲಗೈ ಎತ್ತಿಕೊಂಡ. ಅದು ಹಿಂಡಿದ ಬಟ್ಟೆಯ ಹಾಗೆ ಜೋತುಬಿತ್ತು. ಎಷ್ಟೋ ಮಂದಿಯ ಮುಂದೆ ತನ್ನನ್ನು ಸೋಲಿಸಿದ ಆ ಕೈಯನ್ನು ನೋಡಲಾರದೆ ಅವನು ಮೆಲ್ಲಗೆ ಹಾಸಿಗೆಯ ಮೇಲಿಟ್ಟ. ಇನ್ನೊಂದು ಬದಿಗೆ ಬಂದು, ಜೀವವಿದ್ದ ಕೈಯನ್ನು ಹಿಡಿದುಕೊಂಡ. ಮೇಲೆ ವಲ್ಲಿ ಹೊದಿಸಿದ. ಎತ್ತಿನ ಬೆನ್ನ ಮೇಲೆ ಕೈ ಇಟ್ಟು ಇದರ ಮಾತು ಎಂದು ತೋರಿಸುವ ಹಾಗೆ, ತನ್ನ ಮತ್ತೊಂದು ಕೈಯನ್ನು ಚಾಚಿ ಆ ಕಪ್ಪು ಕಾಲಿನ ಮೇಲಿಟ್ಟ.

"ಇದನ್ನ ಬಿಟ್ಟು ಕೊಡ್ತೀಯೇನು, ಶಾಂತಣ್ಣಾ? ಕೈ ಒತ್ತು. ಇಲ್ಲಂದ್ರ ತಗೊ."

ಶಾಂತಲಿಂಗಪ್ಪ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಲಕ್ವಾ ಹೊಡೆದ ಮೇಲೆ ಅಷ್ಟು ಸ್ಪಷ್ಟವಾದ ನೋಟ ಇಂದುಬಾಯಿ ಕಂಡಿರಲಿಲ್ಲ. ವಲ್ಲಿ ಒಮ್ಮೆ ಅಲುಗಿತು. ಅವನು ಜಗ್ಗಿ ಕೈ ಎಳೆದುಕೊಂಡ, ಬೆನ್ನ ಕೆಳಗೆ ಸೇರಿಸಿಬಿಟ್ಟ.

ಇನ್ನೊಮ್ಮೆ ಕೇಳು ಎಂದು ಇಂದುಬಾಯಿಯ ಬಾಯಿಗೆ ಬಂದಿತ್ತು. ಚಂದ್ರಶೇಖರ ವಲ್ಲಿಯಿಂದ ಮುಖ ಒರೆಸಿಕೊಳ್ಳುತ್ತಿದ್ದದ್ದು ಕಂಡು ನುಂಗಿಕೊಂಡಳು. ಗಂಡ ಬೇಡವೆಂದಿದ್ದಾನೆ. ಕೇಳಿದ್ದಕ್ಕೆ ಉತ್ತರ ಬಂದಿದೆ. ಡಾಕ್ಟರ್‌ಬಾಯಿ ಇನ್ನೊಂದು ಸಲ ಯೋಚನೆ ಮಾಡಿ ಎಂದರು. ಸ್ವಪ್ನಿಲ ಅಪ್ಪನ ಮಾತೇ ಕೊನೆಯದು ಎಂದ. ಅವನ ದನಿಯಲ್ಲಿ ದುಃಖವಿತ್ತು, ಹೊರೆ ಇಳಿದವನ ಉಸಿರೂ ಇತ್ತು.

ಊರಿಗೆ ಕರೆದೊಯ್ದರು. ನಂಜು ಏರುವುದಕ್ಕೆ ಬಹಳ ಕಾಲ ತೆಗೆದುಕೊಳ್ಳಲಿಲ್ಲ, ಆದರೆ ಅವನನ್ನು ಸುಲಭವಾಗಿಯೂ ಒಯ್ಯಲಿಲ್ಲ. ಜ್ವರದಲ್ಲಿ ಕನ್ನಡ ಮರಾಠಿ ಎರಡೂ ಕಲಸಿ ದನಗಳ ಹೆಸರು ಕೂಗುತ್ತಿದ್ದ. ನೋವಿಗೆ ಹಲ್ಲು ಕಡಿಯುತ್ತಿದ್ದ. ಕೊನೆಯ ದಿನಗಳಲ್ಲಿ ಇಂದುಬಾಯಿ ನೀರಿನ ಚಮಚ ಬಾಯಿಗಿಟ್ಟರೆ ಅವಳ ಕೈಯನ್ನೇ ನೋಡುತ್ತಿದ್ದ, ಏನೋ ಕೇಳುವವನಂತೆ. ನಿಮ್ಮ ಇಷ್ಟದಂತೆಯೇ ಮಾಡಿದೆವು ಎಂದು ಅವಳು ಅವನ ತಲೆ ನೇವರಿಸುತ್ತಿದ್ದಳು. ಒಂದು ಸಂಜೆ ದನ ಮನೆಗೆ ಬರುವ ಹೊತ್ತಿಗೆ ಉಸಿರು ನಿಂತಿತು. ತಮ್ಮದೇ ಹೊಲದಲ್ಲಿ ಮಣ್ಣು ಮಾಡಿದರು.

ಮಣ್ಣಿಗೆ ಬರಲಾಗದ ಚಂದ್ರಶೇಖರ ಮಾತನಾಡಿಸಿಕೊಂಡು ಹೋಗಲು ಆಮೇಲೊಂದು ದಿನ ಬಂದ. ಪಡಸಾಲೆಯಲ್ಲಿ ನೆಂಟರು ಕೂತಿದ್ದರು. ಅವನು ಕಂಬಕ್ಕೆ ಒರಗಿ ದೂರ ಕೂತ. ಶೀತಲ ಚಹಾ ಸೋಸಿಕೊಟ್ಟಳು. ಇಂದುಬಾಯಿಯ ಬಲ ತೋಳಿನ ಮೇಲೆ ಭಕ್ತಿ ನಿದ್ದೆ ಹೋಗಿತ್ತು. ಅವಳು ಎಡಗೈಯಲ್ಲೇ ಕಪ್ಪು ಹಿಡಿದು ಅವನ ಮುಂದೆ ಚಾಚಿದಳು.

ಚಂದ್ರಶೇಖರ ಮುಂದೆ ತಂದಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಸಿಟ್ಟಿಲ್ಲ, ಅವಮಾನ ಮಾಡುವ ಮನಸ್ಸಿಲ್ಲ. ಬರೀ ಕೈ ತಾನಾಗಿ ಹೋಯಿತು. ಅವಳು ಕೈ ಬದಲಿಸಲೆಂದು ಕಾದ. ಆಮೇಲೆ ಅವಳ ತೋಳಿನ ಮೇಲಿನ ಕೂಸನ್ನು ನೋಡಿ ನಾಚಿಕೊಂಡ.

"ರೂಢಿ ವೈನಿ, ತಪ್ಪ ತಿಳೀಬ್ಯಾಡ್ರಿ. ನಮ್ಮ ಬಜಾರದಾಗ ಎಡಗೈ ಚಾಚಿದ್ರ ಯಾರೂ ಕೈ..."

ಅಲ್ಲಿಗೇ ಅವನ ಮಾತು ನಿಂತಿತು. ಅವನ ಕಣ್ಣು ತನ್ನ ಅಂಗೈಗೆ ಹೋಯಿತು, ಆಮೇಲೆ ಮಡಿಲಲ್ಲಿದ್ದ ವಲ್ಲಿಗೆ.

ಸೋಲಾಪುರದ ಮೊದಲ ದಿನದ ಚಹಾ ಇಂದುಬಾಯಿಯ ಕಣ್ಣ ಮುಂದೆ ಬಂತು, ತಾಟಿನ ಹತ್ತಿರ ಹೋಗದ ಕೈ ಬಂತು, ಬೆನ್ನ ಕೆಳಗೆ ಸೇರಿದ ಕೈ ಬಂತು. ಬೇಡವೆಂದದ್ದು ಕಾಲು ಕೊಡುವುದಕ್ಕೋ, ಎಡಗೈ ಕೊಡುವುದಕ್ಕೋ? ಎರಡೂ ಅವಳ ತಲೆಯಲ್ಲಿ ಒಟ್ಟಿಗೇ ಎದ್ದು ನಿಂತವು. ಯಾವುದನ್ನೂ ಕೂರಿಸಲು ಅವಳಿಂದ ಆಗಲಿಲ್ಲ.

ಅವಳು ಕಪ್ಪನ್ನು ನೆಲದ ಮೇಲಿಟ್ಟಳು. ಚಂದ್ರಶೇಖರ ಅದನ್ನು ಮುಟ್ಟಲಿಲ್ಲ.

ಅತ್ತ ಪಡಸಾಲೆಯಲ್ಲಿ ಸ್ವಪ್ನಿಲ ಸೋದರಮಾವನಿಗೆ ಎಲ್ಲ ಹೇಳುತ್ತಿದ್ದ. ಮನೆಗೆ ಬಂದವರಿಗೆಲ್ಲ ಅವನು ಹೇಳುವುದು ಅದೊಂದೇ, ಹೇಳಿದಷ್ಟೂ ಅವನ ಮುಖ ತುಸು ತಿಳಿಯಾಗುತ್ತಿತ್ತು. ಅಪ್ಪ ತನ್ನ ಕೈಯಿಂದಲೇ ಬೇಡವೆಂದ, ಇಲ್ಲದಿದ್ದರೆ ಆ ಪಾಪ ನಮ್ಮ ತಲೆಗೆ ಬರುತ್ತಿತ್ತು ಎಂದು ಮುಗಿಸಿ ತಾಯಿಯ ಕಡೆ ತಿರುಗಿದ.

"ಹೌದಲ್ಲೇನವ್ವಾ? ನೀನೂ ನೋಡಿದಿ. ಅಪ್ಪ ತಾನ ಕೈ ತಗೊಂಡ."

ಚಂದ್ರಶೇಖರ ತಲೆ ತಗ್ಗಿಸಿದ. ಇಂದುಬಾಯಿ ಮಗನ ಮುಖ ನೋಡಿದಳು, ತೋಳಿನ ಮೇಲಿನ ಕೂಸನ್ನು ಸರಿಯಾಗಿ ಒರಗಿಸಿಕೊಂಡಳು. ಆಮೇಲೆ ಅಕ್ಕರೆಯಿಂದ ತಲೆಯಾಡಿಸಿದಳು, ಸತ್ತು ವರ್ಷವಾಯಿತು ಎಂದದ್ದಕ್ಕೆ ಗಂಡ ಆಡಿಸಿದ್ದನಲ್ಲ, ಹಾಗೇ.